ಬಾಲ್ಡರ್ಸ್ ಗೇಟ್ 3ರಲ್ಲಿ ಸಬ್‌ಕ್ಲಾಸ್ ಆರಿಸಿಕೊಂಡು ಆಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಆಡಲು ಕೂರುವ ಬೆಂಗಳೂರಿನ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಎಲ್ಲಕ್ಕಿಂತ ಬಲವಾದ ಸಬ್‌ಕ್ಲಾಸ್, ಅಂದರೆ ಪಾತ್ರದ ಕಸುಬಿನೊಳಗಿನ ಕವಲು, ಯಾವುದು? ಈ ಪ್ರಶ್ನೆಗೆ ಉತ್ತರವಾಗಿ ಶ್ರೇಯಾಂಕದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಪಟ್ಟಿಯ ತುದಿಯಲ್ಲಿರುವುದನ್ನು ಆರಿಸಿಕೊಂಡವರಲ್ಲಿ ಹಲವರು ಐದಾರನೆಯ ಲೆವೆಲ್ ಹೊತ್ತಿಗೆ ಬೇಸತ್ತು ಪಾತ್ರವನ್ನೇ ಬದಲಿಸುವುದನ್ನು ನಾನು ನೋಡುತ್ತಾ ಬಂದಿದ್ದೇನೆ. ಬಲ ಎಷ್ಟಿದೆ ಎಂದು ಅಳೆಯುವ ಮೊದಲು ಎರಡು ಸಂಗತಿಗಳನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು, ನಿಮ್ಮ ಸರದಿ ಬಂದಾಗ ಆ ಸಬ್‌ಕ್ಲಾಸ್ ನಿಮ್ಮ ಕೈಗೆ ಏನು ಕೆಲಸ ಕೊಡುತ್ತದೆ. ಇನ್ನೊಂದು, ಹಾಗೆ ಖರ್ಚು ಮಾಡಿದ್ದು ಮತ್ತೆ ಯಾವಾಗ ತುಂಬಿಕೊಳ್ಳುತ್ತದೆ. ಈ ಎರಡನ್ನೂ ಸರಿಯಾಗಿ ಓದಲು ಕಲಿತವರಿಗೆ ಈ ಆಟದಲ್ಲಿ ಕೆಟ್ಟ ಸಬ್‌ಕ್ಲಾಸ್ ಎಂಬುದು ಬಹಳ ಅಪರೂಪ.

ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಈ ಆಟವನ್ನು 2023ರ ಆಗಸ್ಟ್ 3ರಂದು ಪಿಸಿಗೆ ಬಿಡುಗಡೆ ಮಾಡಿತು. ಇದರ ಅಡಿಪಾಯ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟದ ಐದನೆಯ ಆವೃತ್ತಿಯ ನಿಯಮಗಳು. ಅಲ್ಲಿಯಂತೆ ಇಲ್ಲಿಯೂ ಪ್ರತಿಯೊಂದು ಹೊಡೆತದ ಹಣೆಬರಹವನ್ನು ಇಪ್ಪತ್ತು ಮುಖದ ದಾಳವೇ ತೀರ್ಮಾನಿಸುತ್ತದೆ. ಆಟದಲ್ಲಿ 12 ಕ್ಲಾಸ್‌ಗಳಿದ್ದು, ಪ್ರತಿಯೊಂದರ ಅಡಿಯಲ್ಲಿ ಹಲವು ಸಬ್‌ಕ್ಲಾಸ್‌ಗಳಿವೆ. 2025ರ ಏಪ್ರಿಲ್ 15ರಂದು ಬಂದ ಎಂಟನೆಯ ಪ್ಯಾಚ್ (ಆಟದ ಪರಿಷ್ಕರಣೆ) ಕ್ಲಾಸಿಗೊಂದರಂತೆ ಇನ್ನೂ 12 ಸಬ್‌ಕ್ಲಾಸ್‌ಗಳನ್ನು ಸೇರಿಸಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನೋಡಿದವರಿಗೆ ಕ್ಲಾಸ್ ಮತ್ತು ಸಬ್‌ಕ್ಲಾಸ್‌ಗಳ ಸಂಬಂಧವನ್ನು ವಿವರಿಸುವುದು ಸುಲಭ: ಬೌಲರ್ ಎಂಬುದು ಕ್ಲಾಸ್, ಲೆಗ್ ಸ್ಪಿನ್ನರ್ ಮತ್ತು ವೇಗದ ಬೌಲರ್ ಎಂಬುವು ಸಬ್‌ಕ್ಲಾಸ್‌ಗಳು. ಇಬ್ಬರ ಕೈಯಲ್ಲೂ ಅದೇ ಚೆಂಡಿದ್ದರೂ ಯಾವ ಓವರಿನಲ್ಲಿ, ಯಾವ ಬ್ಯಾಟರ್ ಎದುರು ಅವರನ್ನು ಕರೆಯಬೇಕು ಎಂಬುದು ಬೇರೆ.

ಹಂತ 1: ಆಯ್ಕೆ ಯಾವಾಗ ಎದುರಾಗುತ್ತದೆ ಎಂದು ತಿಳಿದಿರಿ

ಎಲ್ಲ ಕ್ಲಾಸ್‌ಗಳೂ ಒಂದೇ ಹೊತ್ತಿಗೆ ಸಬ್‌ಕ್ಲಾಸ್ ಕೇಳುವುದಿಲ್ಲ. ಕ್ಲೆರಿಕ್ (ಪುರೋಹಿತ), ಪ್ಯಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧ), ಸಾರ್ಸರರ್ (ಹುಟ್ಟು ಮಂತ್ರವಾದಿ) ಮತ್ತು ವಾರ್ಲಾಕ್ (ಒಪ್ಪಂದದಿಂದ ಶಕ್ತಿ ಪಡೆದ ಮಂತ್ರವಾದಿ) ಪಾತ್ರಗಳನ್ನು ರಚಿಸುವಾಗಲೇ, ಅಂದರೆ ಮೊದಲ ಲೆವೆಲ್‌ನಲ್ಲಿಯೇ, ಅದನ್ನು ಆರಿಸಬೇಕಾಗುತ್ತದೆ. ಡ್ರೂಯಿಡ್ (ರೂಪ ಬದಲಿಸುವ ಪ್ರಕೃತಿಯ ಉಪಾಸಕ) ಮತ್ತು ವಿಝರ್ಡ್‌ಗೆ (ಓದಿ ಕಲಿತ ಮಂತ್ರವಾದಿ) ಎರಡನೆಯ ಲೆವೆಲ್‌ನಲ್ಲಿ ಆಯ್ಕೆ ಬರುತ್ತದೆ. ಬಾರ್ಬೇರಿಯನ್ (ರೊಚ್ಚಿನ ಯೋಧ), ಬಾರ್ಡ್ (ಗಾಯಕ), ಫೈಟರ್ (ಪಳಗಿದ ಯೋಧ), ಮಾಂಕ್ (ಬರಿಗೈ ಕಾದಾಳಿ), ರೇಂಜರ್ (ಕಾಡಿನ ಬೇಟೆಗಾರ) ಮತ್ತು ರೋಗ್‌ಗಳು (ಕಳ್ಳಹೆಜ್ಜೆಯವರು) ಮೂರನೆಯ ಲೆವೆಲ್‌ವರೆಗೆ ಕಾಯಬೇಕು. ಹೊಸಬರು ಈ ಕೊನೆಯ ಗುಂಪಿನಿಂದ ಶುರು ಮಾಡುವುದು ಒಳ್ಳೆಯದು ಎನ್ನುತ್ತೇನೆ. ಏಕೆಂದರೆ ಆಯ್ಕೆಯ ಪರದೆ ತೆರೆದುಕೊಳ್ಳುವ ಹೊತ್ತಿಗೆ ನೀವು ಹಲವು ಕಾಳಗಗಳನ್ನು ಆಡಿ, ಮುನ್ನುಗ್ಗುವುದು ನಿಮಗೆ ಹಿತವೋ, ದೂರ ನಿಂತು ಬಾಣ ಬಿಡುವುದು ಹಿತವೋ ಎಂಬುದನ್ನು ಸ್ವಂತ ಅನುಭವದಿಂದ ತಿಳಿದಿರುತ್ತೀರಿ.

ಆಯ್ಕೆ ಒಗ್ಗದಿದ್ದರೆ ದಾರಿ ಮುಚ್ಚಿಹೋಗುವುದಿಲ್ಲ. ಆಟದ ಆರಂಭದಲ್ಲಿ ಹಡಗು ಉರುಳಿಬಿದ್ದ ತೀರದ ಹತ್ತಿರವೇ ಹಳೆಯ ಸಮಾಧಿಮಂದಿರವೊಂದಿದೆ. ಅದರೊಳಗೆ ಸಿಗುವ ವಿದರ್ಸ್ ಎಂಬ ಪಾತ್ರ ಮುಂದೆ ನಿಮ್ಮ ಬಿಡಾರಕ್ಕೆ ಬಂದು ನೆಲೆಸುತ್ತಾನೆ. ಸಮಾಧಿಯನ್ನು ನೀವು ಹುಡುಕದೇ ಹೋದರೂ ಅವನು ಕೆಲವು ಕಾಲದ ನಂತರ ತಾನಾಗಿಯೇ ಬಿಡಾರದಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಕ್ಲಾಸ್, ಸಬ್‌ಕ್ಲಾಸ್, ಸಾಮರ್ಥ್ಯದ ಅಂಕಗಳು ಎಲ್ಲವನ್ನೂ ಮೊದಲ ಲೆವೆಲ್‌ನಿಂದ ಮತ್ತೆ ಕಟ್ಟಿಕೊಳ್ಳಬಹುದು. ನಿಮ್ಮ ಜತೆಗಾರರಿಗೂ ಈ ಸೌಲಭ್ಯವಿದೆ. ಹೀಗಾಗಿ ಆಯ್ಕೆಯ ಪರದೆಯ ಮುಂದೆ ಅರ್ಧ ರಾತ್ರಿ ಕಳೆಯುವ ಅಗತ್ಯವಿಲ್ಲ.

ಹಂತ 2: ನಿಮಗೆ ಸಿಗುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಈ ಅಂಶವನ್ನು ಯಾವ ಶ್ರೇಯಾಂಕದ ಪಟ್ಟಿಯೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಬೆಳ್ಳಂದೂರಿನ ಕಚೇರಿಯಿಂದ ಹೊರಟು, ಸಿಲ್ಕ್ ಬೋರ್ಡ್ ದಾಟಿ, ಬನಶಂಕರಿಯ ಮನೆ ತಲುಪಿ, ಊಟ ಮುಗಿಸಿದ ಮೇಲೆ ಆಟಕ್ಕೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಒಂದು ದೊಡ್ಡ ಕಾಳಗ, ಇಲ್ಲವೇ ಒಂದಿಷ್ಟು ಸಂಭಾಷಣೆ ಮತ್ತು ಅಲೆದಾಟ ಆಗುತ್ತದೆ. ನಿನ್ನೆ ರಾತ್ರಿ ಯಾವ ಮಂತ್ರ ಉಳಿದಿತ್ತು, ಯಾವುದು ಖಾಲಿಯಾಗಿತ್ತು ಎಂಬುದನ್ನು ಮರುದಿನ ನೆನಪಿಸಿಕೊಳ್ಳುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ.

ಆದ್ದರಿಂದ ವಿಶ್ರಾಂತಿಯ ನಿಯಮವನ್ನು ಮೊದಲು ಅರಿತುಕೊಳ್ಳಬೇಕು. ಶಾರ್ಟ್ ರೆಸ್ಟ್ ಎಂಬುದು ಒಂದು ಗುಂಡಿ ಒತ್ತಿದರೆ ಮುಗಿಯುವ ಕಿರು ವಿಶ್ರಾಂತಿ. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಇದನ್ನು ಎರಡು ಸಲ ಬಳಸಬಹುದು. ಲಾಂಗ್ ರೆಸ್ಟ್ ಎಂದರೆ ಬಿಡಾರಕ್ಕೆ ಮರಳಿ ರಾತ್ರಿ ಕಳೆಯುವುದು. ಸಾಮಾನ್ಯ ಕಾಠಿಣ್ಯದಲ್ಲಿ ಅದಕ್ಕೆ 40 ಘಟಕಗಳಷ್ಟು ಆಹಾರ ಸಾಮಗ್ರಿ ಬೇಕು, ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80 ಬೇಕು. ಐದನೆಯ ಲೆವೆಲ್‌ನ ವಿಝರ್ಡ್‌ಗೆ ಮೂರನೆಯ ದರ್ಜೆಯ ಸ್ಪೆಲ್ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಅವಕಾಶ) ಎರಡೇ ಇರುತ್ತವೆ, ಅವು ಮುಖ್ಯವಾಗಿ ಲಾಂಗ್ ರೆಸ್ಟ್‌ನಲ್ಲಿ ತುಂಬಿಕೊಳ್ಳುತ್ತವೆ. ಅದೇ ಲೆವೆಲ್‌ನ ವಾರ್ಲಾಕ್‌ಗೂ ಅಂಥ ಸ್ಲಾಟ್ ಎರಡೇ, ಆದರೆ ಪ್ರತಿ ಶಾರ್ಟ್ ರೆಸ್ಟ್ ಮುಗಿದಾಗಲೂ ಎರಡೂ ಮರಳಿ ಬರುತ್ತವೆ. ಒಂದು ದಿನದ ಲೆಕ್ಕದಲ್ಲಿ ಆರು ಸಿಕ್ಕಂತಾಯಿತು. ಫೈಟರ್‌ನ ಬ್ಯಾಟಲ್ ಮಾಸ್ಟರ್ ದಾಳಗಳು, ಮಾಂಕ್‌ನ ಕೀ ಪಾಯಿಂಟ್‌ಗಳು, ಐದನೆಯ ಲೆವೆಲ್ ನಂತರ ಬಾರ್ಡ್‌ನ ಇನ್‌ಸ್ಪಿರೇಷನ್ ಕೂಡ ಶಾರ್ಟ್ ರೆಸ್ಟ್‌ನಲ್ಲೇ ತುಂಬಿಕೊಳ್ಳುತ್ತವೆ. ರಾತ್ರಿ ಒಂದು ಗಂಟೆ ಮಾತ್ರ ಆಡುವವರಿಗೆ ಇಂಥ ಸಬ್‌ಕ್ಲಾಸ್‌ಗಳೇ ಹೆಚ್ಚು ಒಗ್ಗುತ್ತವೆ ಎಂದು ನಾನು ಒತ್ತಿ ಹೇಳುತ್ತೇನೆ: ಕಾಳಗ ಮುಗಿಯಿತು, ಗುಂಡಿ ಒತ್ತಿದಿರಿ, ಆಟ ಉಳಿಸಿದಿರಿ, ನಾಳೆ ಮತ್ತೆ ಪೂರ್ತಿ ಬಲದೊಂದಿಗೆ ಶುರು.

ವಾರಾಂತ್ಯದಲ್ಲಿ ದೀರ್ಘವಾಗಿ ಕೂರುವವರಿಗೆ ಈ ಕಟ್ಟುಪಾಡಿಲ್ಲ. ಮಲ್ಲೇಶ್ವರದಲ್ಲೊಬ್ಬರು, ಯಲಹಂಕದಲ್ಲೊಬ್ಬರು, ವೈಟ್‌ಫೀಲ್ಡ್‌ನಲ್ಲಿಬ್ಬರು ಕುಳಿತು ಆನ್‌ಲೈನ್‌ನಲ್ಲಿ ನಾಲ್ವರ ತಂಡವಾಗಿ ಆಡುವುದಾದರೆ ಮಾತ್ರ ಬೇರೊಂದು ಸಂಗತಿಯನ್ನು ಗಮನಿಸಬೇಕು. ಶವಗಳನ್ನು ಎಬ್ಬಿಸಿ ಪಡೆ ಕಟ್ಟುವ ನೆಕ್ರೊಮ್ಯಾನ್ಸಿ ವಿಝರ್ಡ್‌ನಂಥ ಸಬ್‌ಕ್ಲಾಸ್‌ಗಳು ಒಬ್ಬರೇ ಆಡುವಾಗ ಬಹಳ ಸೊಗಸು. ನಾಲ್ವರು ಆಡುವಾಗ ಆ ಪಡೆಯ ಒಂದೊಂದು ಅಸ್ಥಿಪಂಜರವನ್ನೂ ನೀವು ನಡೆಸುವವರೆಗೆ ಉಳಿದ ಮೂವರು ಕಾಯಬೇಕಾಗುತ್ತದೆ. ಜತೆಯಲ್ಲಿ ಆಡುವವರ ಸಮಯಕ್ಕೂ ಬೆಲೆಯಿದೆ.

ಹಂತ 3: ಒಂದು ಸರದಿಯನ್ನು ಬಿಡಿಸಿ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ಪ್ರತಿ ಸರದಿಯಲ್ಲಿ ನಿಮಗೆ ಓಡಾಟದ ದೂರದ ಜತೆಗೆ ಒಂದು ಆ್ಯಕ್ಷನ್ ಮತ್ತು ಒಂದು ಬೋನಸ್ ಆ್ಯಕ್ಷನ್ ಸಿಗುತ್ತವೆ; ವೈರಿಯ ಸರದಿಯಲ್ಲಿ ಪ್ರತಿಕ್ರಿಯಿಸಲು ಒಂದು ರಿಯಾಕ್ಷನ್ ಇರುತ್ತದೆ. ಒಂದು ಹಾಳೆಯ ಮೇಲೆ ಆ್ಯಕ್ಷನ್, ಬೋನಸ್ ಆ್ಯಕ್ಷನ್, ರಿಯಾಕ್ಷನ್, ವಿಶ್ರಾಂತಿ ಎಂದು ನಾಲ್ಕು ಅಂಕಣ ಎಳೆದು, ಕ್ಲಾಸ್ ಯಾವುದನ್ನು ತುಂಬುತ್ತದೆ, ಸಬ್‌ಕ್ಲಾಸ್ ಯಾವುದನ್ನು ತುಂಬುತ್ತದೆ ಎಂದು ಬರೆದುಕೊಳ್ಳಿ. ಖಾಲಿ ಉಳಿದ ಅಂಕಣವೆಂದರೆ ನೀವು ಪ್ರತಿ ಸರದಿಯಲ್ಲೂ ಕೈಬಿಡುತ್ತಿರುವ ಅವಕಾಶ.

ಜಯನಗರದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ರೋಗ್ ಪಾತ್ರ ಆಡುತ್ತಿದ್ದಾಗ ಫೋನ್ ಮಾಡಿ, "ಅಣ್ಣಾ, ಒಂದ್ ಬಾಣ ಬಿಟ್ಟ ಮೇಲೆ ಸುಮ್ನೆ ಕೂತಿರ್ತೀನಿ, ಬೇಜಾರಾಗತ್ತೆ" ಎಂದಳು. ಯಾವ ಸಬ್‌ಕ್ಲಾಸ್ ಎಂದು ಕೇಳಿದೆ. "ಅಸ್ಯಾಸಿನ್. ಎಲ್ರೂ ಅದೇ ಚೆನ್ನಾಗಿದೆ ಅಂದ್ರು" ಎಂದಳು. ಅಸ್ಯಾಸಿನ್‌ನ ಬಲವೆಲ್ಲ ಕಾಳಗದ ಮೊದಲ ಕ್ಷಣಗಳಲ್ಲಿದೆ: ಇನ್ನೂ ಸರದಿ ಪಡೆಯದ ವೈರಿಯ ಮೇಲೆ ಅನುಕೂಲದ ದಾಳ (ಎರಡು ಉರುಳಿಸಿ ಹೆಚ್ಚಿನದನ್ನು ಎಣಿಸುವುದು), ಅರಿವಿಲ್ಲದೆ ಸಿಕ್ಕಿಬಿದ್ದವನ ಮೇಲೆ ತಪ್ಪದ ಕ್ರಿಟಿಕಲ್ ಹೊಡೆತ (ಹಾನಿಯ ದಾಳಗಳು ಇಮ್ಮಡಿಯಾಗುವ ಏಟು). ಅಡಗಿ, ಹೊಂಚುಹಾಕಿ, ತಾನೇ ಕಾಳಗ ಶುರು ಮಾಡುವ ತಾಳ್ಮೆ ಉಳ್ಳವರಿಗೆ ಅದು ತಕ್ಕದ್ದು. ಅವಳು ಬಾಗಿಲು ಕಂಡರೆ ನುಗ್ಗುವವಳು. ಥೀಫ್ ಸಬ್‌ಕ್ಲಾಸ್‌ಗೆ ಮೂರನೆಯ ಲೆವೆಲ್‌ನಲ್ಲಿಯೇ ಇನ್ನೊಂದು ಬೋನಸ್ ಆ್ಯಕ್ಷನ್ ಸಿಗುತ್ತದೆ. ಎರಡೂ ಕೈಯಲ್ಲಿ ಆಯುಧ ಹಿಡಿದರೆ ಆ ಎರಡು ಬೋನಸ್ ಆ್ಯಕ್ಷನ್‌ಗಳೂ ಎಡಗೈ ಹೊಡೆತಗಳಾಗುತ್ತವೆ, ಇಲ್ಲವೇ ಒಂದರಲ್ಲಿ ಹೊಡೆದು ಇನ್ನೊಂದರಲ್ಲಿ ಓಡಬಹುದು. ವಿದರ್ಸ್‌ಗೆ ನೂರು ನಾಣ್ಯ ಕೊಟ್ಟು ಥೀಫ್ ಆದ ಮೇಲೆ ಅವಳು ಅದೇ ಪಾತ್ರದಲ್ಲಿ ಆಟ ಮುಗಿಸಿದಳು.

ಇದೇ ಕಣ್ಣಿನಿಂದ ಉಳಿದವನ್ನೂ ಓದಬಹುದು. ಎಂಟನೆಯ ಪ್ಯಾಚ್‌ನಲ್ಲಿ ಬಂದ ಸ್ವಾಶ್‌ಬಕ್ಲರ್ ಕೂಡ ರೋಗ್‌ನ ಬೋನಸ್ ಆ್ಯಕ್ಷನ್ ಅಂಕಣವನ್ನು ತುಂಬುತ್ತದೆ, ಆದರೆ ಮರಳು ಎರಚುವುದು, ಕೈಯಿಂದ ಆಯುಧ ಹಾರಿಸುವುದು ಮುಂತಾದ ಕುಯುಕ್ತಿಗಳಿಂದ. ಜತೆಗೆ ತಾನು ಹೊಡೆದ ವೈರಿಯಿಂದ ಬೆನ್ನಿಗೆ ಪೆಟ್ಟು ಬೀಳದಂತೆ ಹಿಂದೆ ಸರಿಯಲು ಬಿಡುತ್ತದೆ. ಡ್ರೂಯಿಡ್ ತನ್ನ ರೂಪ ಬದಲಿಸಲು ಸಾಮಾನ್ಯವಾಗಿ ಆ್ಯಕ್ಷನ್ ಖರ್ಚು ಮಾಡಬೇಕು. ಸರ್ಕಲ್ ಆಫ್ ದ ಮೂನ್ ಸಬ್‌ಕ್ಲಾಸ್ ಅದನ್ನು ಬೋನಸ್ ಆ್ಯಕ್ಷನ್ ಆಗಿಸುತ್ತದೆ, ಆದ್ದರಿಂದ ಕರಡಿಯಾದ ಸರದಿಯಲ್ಲಿಯೇ ಪಂಜ ಬೀಸಬಹುದು. ಕ್ಲೆರಿಕ್‌ನ ಲೈಟ್ ಡೊಮೇನ್ ರಿಯಾಕ್ಷನ್ ಅಂಕಣಕ್ಕೆ ಬರುತ್ತದೆ: ವೈರಿ ಹೊಡೆಯಲು ಬಂದಾಗ ಬೆಳಕಿನ ಝಳಪಿನಿಂದ ಅವನ ದಾಳವನ್ನು ಕೆಡಿಸುತ್ತದೆ. ಡಿವಿನೇಷನ್ ವಿಝರ್ಡ್ ಮೊದಲೇ ಉರುಳಿಸಿಟ್ಟ ಎರಡು ದಾಳಗಳನ್ನು ಇಟ್ಟುಕೊಂಡು, ಯಾರದೋ ದಾಳದ ಬದಲಿಗೆ ಅವನ್ನು ಇಡುತ್ತಾನೆ. ಇವೊಕೇಷನ್ ವಿಝರ್ಡ್‌ಗೆ ಹೊಸ ಅಂಕಣವೇನೂ ಸಿಗದಿದ್ದರೂ ತನ್ನವರು ನಿಂತಲ್ಲಿಯೇ ಫೈರ್‌ಬಾಲ್ ಎಸೆಯುವ ಧೈರ್ಯ ಬರುತ್ತದೆ. ಆ ಶಾಖೆಯ ಮಂತ್ರಗಳ ಬೆಂಕಿ ತಂಡದವರನ್ನು ಸುಡುವುದಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ಕಾದಾಡುವ ಈ ಆಟದಲ್ಲಿ ಅದು ಬಹು ದೊಡ್ಡ ವರ.

ಒಂದು ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಮೇಜಿನ ಆಟದಲ್ಲಿ ಯಾರು ಮೊದಲು ಎಂಬುದನ್ನು ತೀರ್ಮಾನಿಸಲು ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಾಲ್ಡರ್ಸ್ ಗೇಟ್ 3ರಲ್ಲಿ ಅದಕ್ಕೆ ನಾಲ್ಕು ಮುಖದ ದಾಳ. ಅದೃಷ್ಟದ ಪಾಲು ಇಷ್ಟು ಕಿರಿದಾದ್ದರಿಂದ ಸ್ಥಿರವಾಗಿ ಸೇರುವ ಅಂಕಗಳ ಬೆಲೆ ಏರುತ್ತದೆ. ರೇಂಜರ್‌ನ ಗ್ಲೂಮ್ ಸ್ಟಾಕರ್‌ಗೆ ಸಿಗುವ +3, ಅಲರ್ಟ್ ಎಂಬ ಫೀಟ್ (ಕೆಲವು ಲೆವೆಲ್‌ಗಳಲ್ಲಿ ಆರಿಸಿಕೊಳ್ಳುವ ವಿಶೇಷ ಕೌಶಲ) ಕೊಡುವ +5 ಇವು ಇಲ್ಲಿ ಎಷ್ಟು ಬಲವಾಗಿವೆ ಎಂಬುದಕ್ಕೆ ಕಾರಣ ಇದೇ.

ಹಂತ 4: ತಂಡದಲ್ಲಿ ಯಾವ ಜಾಗ ಖಾಲಿ ಇದೆ?

ತಂಡದಲ್ಲಿ ನಾಲ್ವರೇ ಇರಲು ಸಾಧ್ಯ. ಕಥೆಯಲ್ಲಿ ಸಿಗುವ ಜತೆಗಾರರಲ್ಲಿ ಶ್ಯಾಡೋಹಾರ್ಟ್ ಟ್ರಿಕರಿ ಡೊಮೇನ್‌ನ ಕ್ಲೆರಿಕ್ ಆಗಿ, ವಿಲ್ ಫೀಂಡ್ ವಾರ್ಲಾಕ್ ಆಗಿ ಬರುತ್ತಾರೆ. ಲೇಝೆಲ್ ಫೈಟರ್, ಗೇಲ್ ವಿಝರ್ಡ್, ಆಸ್ಟಾರಿಯನ್ ರೋಗ್, ಕಾರ್ಲಾಕ್ ಬಾರ್ಬೇರಿಯನ್. ಅವರ ಕಥೆ ಮೆಚ್ಚಿ ಜತೆಗಿಟ್ಟುಕೊಳ್ಳುವುದು ಸಹಜ, ಹಾಗೆ ಇಟ್ಟುಕೊಂಡ ಮೇಲೆ ನಿಮ್ಮ ಸಬ್‌ಕ್ಲಾಸ್ ಅವರಲ್ಲಿಲ್ಲದ್ದನ್ನು ತರಲಿ. ಬೀಗ ತೆಗೆಯುವವರು, ನಯವಾಗಿ ಮಾತಾಡುವವರು, ಏಟು ತಡೆದುಕೊಳ್ಳುವವರು, ಗುಂಪನ್ನು ಹಿಡಿದು ನಿಲ್ಲಿಸುವವರು: ಈ ನಾಲ್ಕರಲ್ಲಿ ಮಾತಿನ ಕೆಲಸ ಮಾತ್ರ ನಿಮ್ಮ ಮುಖ್ಯ ಪಾತ್ರಕ್ಕೇ ಹೆಚ್ಚಾಗಿ ಬೀಳುತ್ತದೆ, ಕರಿಸ್ಮಾ (ಮಾತಿನ ಮೋಡಿ) ಬಲವಾಗಿರುವ ಬಾರ್ಡ್, ಪ್ಯಾಲಡಿನ್, ಸಾರ್ಸರರ್, ವಾರ್ಲಾಕ್‌ಗಳಿಗೆ ಅದರಲ್ಲಿ ಅನುಕೂಲವಿದೆ.

ಹಂತ 5: ಅಂಕ ಹಂಚಿಕೆ

ಪಾತ್ರ ರಚಿಸುವಾಗ 27 ಅಂಕಗಳನ್ನು ಆರು ಸಾಮರ್ಥ್ಯಗಳಿಗೆ ಹಂಚಬೇಕು. ಪ್ರತಿಯೊಂದೂ 8ರಿಂದ 15ರ ನಡುವೆ ಇರುತ್ತದೆ, ಆಮೇಲೆ ಒಂದಕ್ಕೆ +2, ಇನ್ನೊಂದಕ್ಕೆ +1 ಸೇರುತ್ತದೆ. ಫಲ ಸಿಗುವುದು ಸಮಸಂಖ್ಯೆಗಳಲ್ಲಿ: 16 ಇದ್ದರೂ 17 ಇದ್ದರೂ ದಾಳಕ್ಕೆ ಸೇರುವುದು +3 ಮಾತ್ರ. ಆದರೂ ಮುಖ್ಯ ಸಾಮರ್ಥ್ಯವನ್ನು 17ಕ್ಕೆ ಏರಿಸುವುದನ್ನು ನಾನು ಒಪ್ಪುತ್ತೇನೆ; ಕಥೆಯ ಮೊದಲ ಭಾಗದಲ್ಲೇ ಒಂದು ಸಾಮರ್ಥ್ಯವನ್ನು ಒಂದಂಕ ಹೆಚ್ಚಿಸಿಕೊಳ್ಳುವ ದಾರಿಯೊಂದು ಸಿಗುತ್ತದೆ, ಕೆಲವು ಫೀಟ್‌ಗಳೂ ಒಂದಂಕ ಕೊಡುತ್ತವೆ. ಕಾನ್‌ಸ್ಟಿಟ್ಯೂಷನ್ (ಮೈಯ ಗಟ್ಟಿತನ) 14ಕ್ಕಿಂತ ಕೆಳಗಿಳಿಯದಿರಲಿ. ಮಂತ್ರ ಹಾಕುವವರಿಗೆ ಇದು ಇನ್ನೂ ಮುಖ್ಯ: ಕಾನ್ಸಂಟ್ರೇಷನ್ ಬೇಡುವ ಮಂತ್ರ ಒಂದು ಸಮಯಕ್ಕೆ ಒಂದೇ ನಿಲ್ಲುತ್ತದೆ, ಏಟು ಬಿದ್ದಾಗಲೆಲ್ಲ 10 ಅಥವಾ ಬಿದ್ದ ಏಟಿನ ಅರ್ಧ, ಇವೆರಡರಲ್ಲಿ ಹೆಚ್ಚಿನದನ್ನು ದಾಳದಲ್ಲಿ ಮುಟ್ಟದಿದ್ದರೆ ಅದು ಕಳಚಿಬೀಳುತ್ತದೆ.

ಹಂತ 6: ಬ್ಯಾಟಲ್ ಮಾಸ್ಟರ್, ಹತ್ತಿರದಿಂದ

ಇಲ್ಲಿಯವರೆಗಿನ ಮಾತನ್ನು ಒಂದು ಸಬ್‌ಕ್ಲಾಸ್‌ಗೆ ಅನ್ವಯಿಸಿ ನೋಡೋಣ. ಮೊದಲ ಸಲ ಆಡುವವರಿಗೆ ನಾನು ಹೇಳುವುದು ಫೈಟರ್‌ನ ಬ್ಯಾಟಲ್ ಮಾಸ್ಟರ್. ಅದೇ ಕ್ಲಾಸ್‌ನ ಚಾಂಪಿಯನ್ ಇನ್ನೂ ಸುಲಭ. ದಾಳದಲ್ಲಿ 20ರ ಜತೆಗೆ 19 ಬಿದ್ದರೂ ಕ್ರಿಟಿಕಲ್ ಆಗುತ್ತದೆ, ಅಂದರೆ ನೂರಕ್ಕೆ ಐದರಷ್ಟಿದ್ದ ಸಾಧ್ಯತೆ ಹತ್ತಾಗುತ್ತದೆ. ಆದರೆ ಅದು ತಾನಾಗಿ ಆಗುವ ಲಾಭ, ನೀವು ಯೋಚಿಸಿ ಮಾಡುವ ಕೆಲಸವಲ್ಲ. ಬ್ಯಾಟಲ್ ಮಾಸ್ಟರ್ ಯೋಚಿಸಲು ಕಲಿಸುತ್ತದೆ.

ಮೂರನೆಯ ಲೆವೆಲ್‌ನಲ್ಲಿ ನಿಮಗೆ ಎಂಟು ಮುಖದ ನಾಲ್ಕು ದಾಳಗಳು ಮತ್ತು ಮೂರು ಪಟ್ಟುಗಳು ಸಿಗುತ್ತವೆ. ಒಂದೊಂದು ಪಟ್ಟಿಗೂ ಒಂದು ದಾಳ ಖರ್ಚು. ಎರಡು ಶಾರ್ಟ್ ರೆಸ್ಟ್ ಸೇರಿಸಿದರೆ ದಿನಕ್ಕೆ ಹನ್ನೆರಡು ದಾಳ. ವೈರಿ ಪಟ್ಟಿನಿಂದ ತಪ್ಪಿಸಿಕೊಳ್ಳಲು ಮುಟ್ಟಬೇಕಾದ ಸಂಖ್ಯೆ ಎಂಟಕ್ಕೆ ನಿಮ್ಮ ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಜತೆ ಏರುವ ಪಳಗಿಕೆಯ ಅಂಕ) ಮತ್ತು ಸ್ಟ್ರೆಂತ್ (ಬಲ) ಅಥವಾ ಡೆಕ್ಸ್‌ಟೆರಿಟಿಯ (ಚುರುಕು) ಬೋನಸ್ ಸೇರಿಸಿದರೆ ಸಿಗುತ್ತದೆ. ಈ ಲೆವೆಲ್‌ನಲ್ಲಿ 8+2+3, ಅಂದರೆ 13.

ಪಾಳುಬಿದ್ದ ಹಳ್ಳಿಯ ಮನೆಯೊಂದರಲ್ಲಿ ಓಗರ್ ಎಂಬ ದೈತ್ಯರ ಗುಂಪು ಸಿಗುತ್ತದೆ. ಬಹುಪಾಲು ಆಟಗಾರರ ಕೈ ತಟ್ಟನೆ ಟ್ರಿಪ್ ಅಟ್ಯಾಕ್ ಕಡೆಗೆ ಹೋಗುತ್ತದೆ, ಕಾಲು ಕೊಟ್ಟು ಕೆಡವುವ ಪಟ್ಟು ಅದು. ಆದರೆ ಅದನ್ನು ವೈರಿ ತಡೆಯುವುದು ಸ್ಟ್ರೆಂತ್‌ನಿಂದ. ಐದನೆಯ ಆವೃತ್ತಿಯ ಮೂಲ ನಿಯಮಗಳಲ್ಲಿ ಓಗರ್‌ನ ಸ್ಟ್ರೆಂತ್ 19, ಬೋನಸ್ +4. ಅವನು 13 ಮುಟ್ಟಲು ದಾಳದಲ್ಲಿ 9 ಅಥವಾ ಹೆಚ್ಚು ಬಿದ್ದರೆ ಸಾಕು. ನಿಮ್ಮ ಪಟ್ಟು ಫಲಿಸುವ ಸಾಧ್ಯತೆ ನೂರಕ್ಕೆ 40. ಅದೇ ಓಗರ್‌ನ ವಿಸ್‌ಡಮ್ (ವಿವೇಕ) 7, ಬೋನಸ್ −2. ಬೆದರಿಸುವ ಪಟ್ಟಾದ ಮೆನೇಸಿಂಗ್ ಅಟ್ಯಾಕನ್ನು ವಿಸ್‌ಡಮ್‌ನಿಂದ ತಡೆಯಬೇಕಾದ್ದರಿಂದ ಅವನಿಗೆ 15 ಅಥವಾ ಹೆಚ್ಚು ಬೀಳಬೇಕು. ಈಗ ನಿಮ್ಮ ಸಾಧ್ಯತೆ ನೂರಕ್ಕೆ 70. ಬೆದರಿದ ಓಗರ್ ನಿಂತ ಜಾಗ ಬಿಟ್ಟು ಕದಲಲಾರ, ಅವನ ಹೊಡೆತಗಳೂ ಗುರಿ ತಪ್ಪುವ ಸಂಭವ ಹೆಚ್ಚು. ನೀವು ಹಿಂದೆ ಸರಿದರೆ ದೊಣ್ಣೆ ಹಿಡಿದ ಆ ದೈತ್ಯ ಗೋಡೆಗೆ ಒರಗಿ ನಿಂತಂತೆಯೇ ನಿಲ್ಲುತ್ತಾನೆ, ನಿಮ್ಮ ಬಿಲ್ಲುಗಾರರು ತಮ್ಮ ಕೆಲಸ ಮುಗಿಸುತ್ತಾರೆ. ಬಳುಕುವ ಮೈಯ ಮಂತ್ರವಾದಿ ಎದುರಾದರೆ ಲೆಕ್ಕ ತಿರುಗುಮುರುಗಾಗುತ್ತದೆ: ಅವನ ಸ್ಟ್ರೆಂತ್ ಕಡಿಮೆ, ಟ್ರಿಪ್ ಅಟ್ಯಾಕ್ ಸುಲಭವಾಗಿ ಫಲಿಸುತ್ತದೆ, ನೆಲಕ್ಕೆ ಬಿದ್ದೊಡನೆ ಅವನ ಕಾನ್ಸಂಟ್ರೇಷನ್ ಕೂಡ ಕಳಚುತ್ತದೆ.

ಈ ಮಾಹಿತಿ ಎಲ್ಲಿಂದ ಬರಬೇಕು? ವೈರಿಯ ಮೇಲೆ ಬಲ ಗುಂಡಿ ಒತ್ತಿ ಎಕ್ಸಾಮಿನ್ ಆರಿಸಿದರೆ ಅವನ ಆರೂ ಸಾಮರ್ಥ್ಯಗಳು, ಅವನಿಗೆ ತಾಗದ ಹಾನಿಗಳು ಎಲ್ಲವೂ ಕಾಣುತ್ತವೆ. ಸಬ್‌ಕ್ಲಾಸ್ ಯಾವುದೇ ಇರಲಿ, ಪ್ರತಿ ಹೊಸ ವೈರಿಯನ್ನೂ ಹೀಗೆ ನೋಡುವ ಅಭ್ಯಾಸವೊಂದೇ ಆಟವನ್ನು ಅರ್ಧದಷ್ಟು ಹಗುರ ಮಾಡುತ್ತದೆ.

ಮೂರನೆಯ ಪಟ್ಟನ್ನು ಅಂಕಣಗಳ ಹಾಳೆ ನೋಡಿ ಆರಿಸಿ. ಫೈಟರ್‌ನ ರಿಯಾಕ್ಷನ್ ಬಹುತೇಕ ಖಾಲಿ ಇರುವುದರಿಂದ, ವೈರಿಯ ಹೊಡೆತ ತಪ್ಪಿದಾಗ ತಿರುಗಿ ಹೊಡೆಯುವ ರಿಪೋಸ್ಟ್ ಒಳ್ಳೆಯ ಆಯ್ಕೆ. ಮುಂಚೂಣಿಯಲ್ಲಿ ನಿಂತು ಗುರಾಣಿ ಹಿಡಿದವರಿಗೆ ಅದು ಹೇಳಿ ಮಾಡಿಸಿದ್ದು. ಎರಡು ಕೈಯ ಭಾರೀ ಕತ್ತಿ ಹಿಡಿಯುವವರು ಹೊಡೆತದ ದಾಳಕ್ಕೇ ಎಂಟು ಮುಖದ ದಾಳವನ್ನು ಸೇರಿಸುವ ಪ್ರಿಸಿಷನ್ ಅಟ್ಯಾಕ್ ತೆಗೆದುಕೊಳ್ಳಲಿ.

ನಾಲ್ಕನೆಯ ಲೆವೆಲ್‌ನ ಫೀಟ್ ವಿಚಾರದಲ್ಲಿ ಗ್ರೇಟ್ ವೆಪನ್ ಮಾಸ್ಟರ್ ಬಗ್ಗೆ ಗೊಂದಲ ಹೆಚ್ಚು. ಇದನ್ನು ಚಾಲೂ ಮಾಡಿದರೆ ಹೊಡೆತದ ದಾಳಕ್ಕೆ −5, ತಾಗಿದರೆ ಹಾನಿಗೆ +10. ದೊಡ್ಡ ಕತ್ತಿಯ ಸರಾಸರಿ ಹಾನಿ 7, ಸ್ಟ್ರೆಂತ್‌ನ 3 ಸೇರಿ 10. ಹೊಡೆತ ತಾಗುವ ಸಾಧ್ಯತೆ ನೂರಕ್ಕೆ 65 ಇದ್ದಾಗ ಸರಾಸರಿ ಫಲ 6.5, ಫೀಟ್ ಚಾಲೂ ಮಾಡಿದರೆ ಸಾಧ್ಯತೆ 40ಕ್ಕಿಳಿದರೂ ಹಾನಿ 20 ಆಗುವುದರಿಂದ ಫಲ 8. ಸಾಧ್ಯತೆ 50 ಇದ್ದಾಗ ಎರಡೂ ಲೆಕ್ಕದಲ್ಲಿ ಸರಿಯಾಗಿ 5. ಆದ್ದರಿಂದ ಪರದೆಯ ಮೇಲೆ ಕಾಣುವ ಸಂಖ್ಯೆ 50ಕ್ಕಿಂತ ಮೇಲಿದ್ದರೆ ಚಾಲೂ, ಕೆಳಗಿದ್ದರೆ ಬಂದ್, ಎಂಬ ನಿಯಮ ಆರಂಭದ ಲೆವೆಲ್‌ಗಳಿಗೆ ಸಾಕು. ಇದೇ ಫೀಟ್, ವೈರಿಯನ್ನು ಕೊಂದಾಗ ಅಥವಾ ಕ್ರಿಟಿಕಲ್ ಬಿದ್ದಾಗ ಬೋನಸ್ ಆ್ಯಕ್ಷನ್‌ನಲ್ಲಿ ಇನ್ನೊಂದು ಹೊಡೆತ ಕೊಟ್ಟು ಫೈಟರ್‌ನ ಖಾಲಿ ಅಂಕಣವನ್ನೂ ತುಂಬುತ್ತದೆ.

ಐದನೆಯ ಲೆವೆಲ್‌ನಲ್ಲಿ ಒಂದು ಆ್ಯಕ್ಷನ್‌ಗೆ ಎರಡು ಹೊಡೆತ ಬರುತ್ತವೆ. ಎರಡನೆಯ ಲೆವೆಲ್‌ನಲ್ಲೇ ಬಂದಿರುವ, ಇನ್ನೊಂದು ಆ್ಯಕ್ಷನ್ ಕೊಡುವ ಆ್ಯಕ್ಷನ್ ಸರ್ಜ್ ಸೇರಿದರೆ ಒಂದೇ ಸರದಿಯಲ್ಲಿ ನಾಲ್ಕು ಹೊಡೆತ, ನಾಲ್ಕೂ ಪಟ್ಟುಗಳೇ ಆಗಬಹುದು. ಹಾಗೆ ಒಂದೇ ಉಸಿರಿಗೆ ಎಲ್ಲ ದಾಳಗಳನ್ನೂ ಸುರಿಯುವುದು ದೊಡ್ಡ ನಾಯಕನೊಬ್ಬನ ಎದುರು ಸರಿ, ಕಾವಲಿನ ಗಾಬ್ಲಿನ್‌ಗಳ ಎದುರು ವ್ಯರ್ಥ. ಫೈಟರ್‌ಗೆ ಆರನೆಯ ಲೆವೆಲ್‌ನಲ್ಲಿ ಉಳಿದ ಕ್ಲಾಸ್‌ಗಳಿಗಿಲ್ಲದ ಇನ್ನೊಂದು ಫೀಟ್ ಸಿಗುತ್ತದೆ, ಅಲ್ಲಿ ಸ್ಟ್ರೆಂತ್ ಏರಿಸಿ. ಏಳರಲ್ಲಿ ಐದನೆಯ ದಾಳ ಮತ್ತು ಇನ್ನೆರಡು ಪಟ್ಟು. ಹತ್ತರಲ್ಲಿ ದಾಳಗಳು ಹತ್ತು ಮುಖದವಾಗುತ್ತವೆ, ಹನ್ನೊಂದರಲ್ಲಿ ಆ್ಯಕ್ಷನ್‌ಗೆ ಮೂರು ಹೊಡೆತ. ಹನ್ನೆರಡು ಈ ಆಟದ ಕೊನೆಯ ಲೆವೆಲ್.

ಹಂತ 7: ಪ್ಯಾಲಡಿನ್ ಆರಿಸುವವರಿಗೆ ಪ್ರತ್ಯೇಕ ಮಾತು

ಉಳಿದ ಸಬ್‌ಕ್ಲಾಸ್‌ಗಳು ಹೆಚ್ಚಾಗಿ ಕಾಳಗವನ್ನು ಬದಲಿಸಿದರೆ ಪ್ಯಾಲಡಿನ್‌ನ ಸಬ್‌ಕ್ಲಾಸ್ ನಡತೆಯನ್ನೇ ಕಟ್ಟಿಹಾಕುತ್ತದೆ. ಡಿವೋಷನ್, ಏನ್ಷಂಟ್ಸ್, ವೆಂಜನ್ಸ್ ಮತ್ತು ಎಂಟನೆಯ ಪ್ಯಾಚ್‌ನ ಕ್ರೌನ್, ಪ್ರತಿಯೊಂದೂ ಒಂದು ಪ್ರತಿಜ್ಞೆ. ನೀವು ಕೊಟ್ಟ ಮಾತಿಗೆ ವಿರುದ್ಧವಾಗಿ ನಡೆದರೆ ಪ್ರತಿಜ್ಞೆ ಮುರಿಯುತ್ತದೆ, ಬಿಡಾರಕ್ಕೆ ಕಪ್ಪು ಕವಚದ ಯೋಧನೊಬ್ಬ ಬಂದು ಓತ್‌ಬ್ರೇಕರ್ ಆಗುವ ದಾರಿ ತೋರಿಸುತ್ತಾನೆ. ಚಿನ್ನ ತೆತ್ತು ಹಳೆಯ ಪ್ರತಿಜ್ಞೆಗೆ ಮರಳಲೂಬಹುದು. ಪ್ರತಿಜ್ಞೆಯ ಸಾಲುಗಳನ್ನು ಆಯ್ಕೆಯ ಪರದೆಯಲ್ಲಿ ಪೂರ್ತಿ ಓದಿ, ಆ ಮನುಷ್ಯನಾಗಿ ಮಾತಾಡಲು ನಿಮಗೆ ಇಷ್ಟವಿದೆಯೇ ಎಂದು ಕೇಳಿಕೊಳ್ಳಿ. ಮಾತುಕತೆಯಲ್ಲಿ ಸುಳ್ಳು, ಕಳವು, ರಾಜಿ ಎಲ್ಲವೂ ಬೇಕೆನ್ನುವವರಿಗೆ ಬಾರ್ಡ್ ಇದ್ದಾನೆ. ನನ್ನ ಮಟ್ಟಿಗೆ ಈ ಆಟದಲ್ಲಿ ಕಥೆಯನ್ನೂ ಕಾಳಗವನ್ನೂ ಇಷ್ಟು ಬಿಗಿಯಾಗಿ ಹೆಣೆದ ಇನ್ನೊಂದು ಕ್ಲಾಸ್ ಇಲ್ಲ.

ಹಂತ 8: ಕ್ಲಾಸ್ ಬೆರೆಸುವ ಮುನ್ನ

ಎರಡು ಕ್ಲಾಸ್‌ಗಳನ್ನು ಬೆರೆಸಲು ಆಟ ಯಾವ ಅರ್ಹತೆಯನ್ನೂ ಕೇಳುವುದಿಲ್ಲ. ಸುಲಭದ ಎಕ್ಸ್‌ಪ್ಲೋರರ್ ಮಟ್ಟದಲ್ಲಿ ಮಾತ್ರ ಈ ಅವಕಾಶವಿಲ್ಲ. ಆದರೆ ಫೀಟ್‌ಗಳು ಒಟ್ಟು ಲೆವೆಲ್‌ಗೆ ಸಿಗುವುದಿಲ್ಲ, ಒಂದೊಂದು ಕ್ಲಾಸ್‌ನ ಒಳಗೆ 4, 8, 12 ಹೀಗೆ ಸಿಗುತ್ತವೆ ಎಂಬುದನ್ನು ಮರೆಯಬಾರದು. ಎರಡು ಯೋಧ ಕ್ಲಾಸ್‌ಗಳನ್ನು ಐದೈದು ಲೆವೆಲ್ ಏರಿಸಿದರೆ ಎರಡೂ ಕಡೆ ಹೆಚ್ಚುವರಿ ಹೊಡೆತ ಬರುತ್ತದೆ, ಸಾಮಾನ್ಯವಾಗಿ ಅವು ಕೂಡಿಕೊಳ್ಳುವುದಿಲ್ಲ, ಎರಡನೆಯದು ದಂಡ. ಮುಖ್ಯ ಕ್ಲಾಸ್ ಐದನೆಯ ಲೆವೆಲ್ ತಲುಪುವವರೆಗೆ ಬೆರಕೆಯ ಯೋಚನೆಯನ್ನೇ ಮಾಡದಿರುವುದು ಒಳಿತು. ಅಲ್ಲಿಯವರೆಗೆ ಖಾಲಿ ಉಳಿದ ಅಂಕಣ ಯಾವುದೆಂದು ನಿಮಗೆ ಗೊತ್ತಾಗಿರುತ್ತದೆ, ಬೆರೆಸುವುದಾದರೆ ಅದನ್ನು ತುಂಬುವ ಕ್ಲಾಸನ್ನೇ ಬೆರೆಸಿ.

ಹಂತ 9: ಪರೀಕ್ಷೆ

ಹೊಸ ಸಬ್‌ಕ್ಲಾಸ್ ತೆಗೆದುಕೊಂಡ ಕೂಡಲೇ ದೊಡ್ಡ ಕಾಳಗಕ್ಕೆ ಇಳಿಯಬೇಡಿ. ಆಟವನ್ನು ಉಳಿಸಿಕೊಂಡು, ಮೊದಲು ಸಣ್ಣ ಗುಂಪೊಂದರ ಎದುರು ಆಡಿ. ಒಂದೇ ಸೇವ್ ಇರುವ ಆನರ್ ಮೋಡ್‌ನಲ್ಲಿ ಮರಳಿ ಬರುವ ದಾರಿ ಇಲ್ಲದ್ದರಿಂದ ಅಲ್ಲಿ ಹೊಸದನ್ನು ಪ್ರಯೋಗಿಸದಿರುವುದೇ ಲೇಸು. ಕಾಳಗ ನಡೆಯುವಾಗ ಎರಡು ಗುರುತುಗಳನ್ನು ಗಮನಿಸಿ: ಎಷ್ಟು ಸರದಿಗಳಲ್ಲಿ ಬೋನಸ್ ಆ್ಯಕ್ಷನ್ ಬಳಕೆಯಾಗದೆ ಉಳಿಯಿತು, ಮತ್ತು ಕಾಳಗ ಮುಗಿದಾಗ ಸಬ್‌ಕ್ಲಾಸ್ ಕೊಟ್ಟ ಸಂಪನ್ಮೂಲ ಎಷ್ಟು ಮಿಕ್ಕಿತು. ಮೊದಲನೆಯದು ಹೆಚ್ಚಿದ್ದರೆ ಆಯುಧ, ಫೀಟ್, ಮಂತ್ರಗಳಿಂದ ಅಂಕಣ ತುಂಬಲು ನೋಡಿ. ಎರಡನೆಯದು ಪ್ರತಿ ಸಲವೂ ಪೂರ್ತಿ ಮಿಗುತ್ತಿದ್ದರೆ ಆ ಸಬ್‌ಕ್ಲಾಸ್ ನಿಮ್ಮ ಕೈಗೆ ಹತ್ತಿಲ್ಲ ಎಂದರ್ಥ. ಅದರ ಗುಂಡಿಗಳನ್ನು ಪರದೆಯ ಕೆಳಗಿನ ಪಟ್ಟಿಯಲ್ಲಿ ಎದ್ದು ಕಾಣುವ ಜಾಗಕ್ಕೆ ಎಳೆದಿಟ್ಟು ಇನ್ನೂ ಕೆಲವು ಕಾಳಗ ಆಡಿ ನೋಡಿ. ಆಮೇಲೂ ಮಿಕ್ಕರೆ ವಿದರ್ಸ್ ಬಳಿ ಹೋಗಿ. ಬದಲಿಸುವಾಗ ಕ್ಲಾಸ್ ಅದನ್ನೇ ಇಟ್ಟುಕೊಂಡು ಸಬ್‌ಕ್ಲಾಸ್ ಮಾತ್ರ ಬೇರೆ ಮಾಡುವುದರಿಂದ ಶುರು ಮಾಡಿ, ಏಕೆಂದರೆ ಕಲಿತ ಆಯುಧ, ತೊಟ್ಟ ಕವಚ ಎರಡೂ ಬಹುಮಟ್ಟಿಗೆ ಕೆಲಸಕ್ಕೆ ಬರುತ್ತವೆ.